ನಲವತ್ತೊಂದನೇ ಸಾಲು

ಡರ್ಬಿಯ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಗ್ಲೆನಿಸ್ ಹ್ಯಾಲಮ್ ನೋಡಿದ್ದು ಬರೀ ಅಲಗು.
ಅಂಗೈಗಿಂತ ಕಿರಿದು, ಒಂದೇ ಹರಳಾಗಿ ಬೆಳೆದದ್ದು,
ಮೈತುಂಬ ಸೂಜಿಮೊನೆಯ ತೂತು.
ಬೆಳಕಿಗೆ ಹಿಡಿಯುವುದು, ತಿರುಗಿಸುವುದು,
ಒಂದು ತೂತು ಕಟ್ಟಿದ್ದರೂ ಕೆಂಪು ತಟ್ಟೆಗೆ.
ಹಾರಿದ್ದೇ ಇಲ್ಲ ಅವಳು. ರಜೆಯೆಂದರೆ
ಸ್ಕೆಗ್ನೆಸ್ಸಿನ ಕಡಲು, ಅದೂ ಬಸ್ಸಿನಲ್ಲಿ.

ಈಗ ಅರವತ್ತೇಳಕ್ಕೆ, ಪರ್ತ್‌ನಲ್ಲಿ
ತಂಗಿಯ ಮೂರನೆಯ ಮದುವೆ.
ರೆಕ್ಕೆಯ ಹಿಂದೆ, ಕಿಟಕಿಯ ಪಕ್ಕ.
ಕೆಳಗೆ ಮರಳೋ ನೀರೋ, ಕತ್ತಲು ಹೇಳುವುದಿಲ್ಲ.
ಊಟದ ಗಾಡಿ ಹೋಯಿತು. ದೀಪ ಆರಿತು.
ಮುನ್ನೂರು ಜನ ಬಾಯಿ ತೆರೆದು ಮಲಗಿದ್ದಾರೆ
ಹೆಸರೇ ಗೊತ್ತಿಲ್ಲದ ಒಂದೇ ಮನೆಯವರ ಹಾಗೆ.

ಒಂದು ಗುರುವಾರ, ಪಾಳಿ ಮುಗಿಯುವ ಹೊತ್ತು,
ಅಲಗೊಂದರ ಬುಡದಲ್ಲಿ ಕಂಡಿತ್ತು ಗೆರೆ.
ಗೆರೆಯೋ, ತನ್ನದೇ ರೆಪ್ಪೆಗೂದಲ ನೆರಳೋ.
ಒರೆಸಿದಳು. ಮತ್ತೆ ನೋಡಿದಳು. ಇರಲಿಲ್ಲ.
ಹಸಿರು ತಟ್ಟೆಗಿಟ್ಟು ಕೋಟು ತೊಟ್ಟಳು.
ಅದೀಗ ಯಾರ ಊರಿನ ಮೇಲೆ ಸುತ್ತುತ್ತಿದೆಯೆಂದು
ಯಾರನ್ನು ಕೇಳುವುದು?

ಗೋಡೆಗೆ ಕಿವಿಯಿಡುತ್ತಾಳೆ.
ಅಲ್ಲಿ ಲೋಹ ಕರಗುವ ಬೆಂಕಿ;
ಕರಗದಂತೆ ಕಾಯುವುದು
ಅವಳ ತೂತುಗಳಲ್ಲಿ ಹಾಯುವ ತಂಗಾಳಿ.
ತಂಗಾಳಿ ಅನ್ನುತ್ತಿದ್ದರು ಅದನ್ನು!
ಬ್ರೆಡ್ಡು ಒಡ್ಡಿದರೆ ಕ್ಷಣಕ್ಕೆ ಇದ್ದಿಲು.

ಒಂದೇ ಸ್ವರ. ಎಲ್ಲೂ ಒಡೆಯದ್ದು.
ಮನಸ್ಸಲ್ಲೇ ಎಣಿಸುತ್ತ ಕೂತಳು,
ಒಂದೊಂದು ತೂತು.

ಪಕ್ಕದ ಹುಡುಗನಿಗೆ ಎಚ್ಚರವಾಗಿ,
"ಭಯವಾ?" ಅಂದ.
"ಇಲ್ಲಪ್ಪ, ಲೆಕ್ಕ."
ಅಷ್ಟರಲ್ಲಿ ಎಷ್ಟಾಗಿತ್ತೆಂದು ಮರೆತು
ಮತ್ತೆ ಒಂದರಿಂದ.