ಹದಿನಾಲ್ಕನೆಯ ಪ್ರಶ್ನೆ

ನಿಶ್ಮಿತಾ,
ಆ ದಿನ ನಿನ್ನ ಹೆಸರು ಕೂಡ ಕೇಳಿರಲಿಲ್ಲ ನಾನು.
ಪೆರ್ಲದ ಬಸ್ಸಿಳಿದು, ಗುಡ್ಡದ ಮೇಲಿನ ಕಾಲೊನಿಗೆ
ಟಾರ್ಚು, ಬಾಯಿಗನ್ನಡಿ, ನೂರಿಪ್ಪತ್ತು ಫಾರಮು ಹೊತ್ತು ಬಂದವಳು
ಮೊದಲು ನೀರು ಕೇಳಿದೆ.
ಲೋಟ ಕೊಟ್ಟವಳು ನೀನು,
ನಗುವಾಗ ಅಂಗೈ ಬಾಯಿಗೆ ಅಡ್ಡ.

ನಿನ್ನಜ್ಜಿ ಅಂಗಾರೆ ಬಳ್ಳಿ ಸೀಳುತ್ತ ಕೂತಿದ್ದರು,
ಅರ್ಧ ಹೆಣೆದ ಬುಟ್ಟಿ ಕಾಲ್ಬೆರಳ ಹಿಡಿತದಲ್ಲಿ.
ತಿರುವನಂತಪುರದಲ್ಲಿ ಹುಟ್ಟಿ, ಮಲಯಾಳದಲ್ಲಿ ಬೆಳೆದು,
ಯಾರೋ ಕನ್ನಡಕ್ಕೆ ತಿರುಗಿಸಿದ ಪ್ರಶ್ನೆಯನ್ನು
ಅಕ್ಷರ ತಪ್ಪದೆ ಓದಿದೆ:
'ತಾವು ತಂಬಾಕು ಸೇವಿಸುತ್ತೀರಾ?'
ಅಜ್ಜಿ ತಲೆಯಾಡಿಸಿದರು.
ಹದಿನಾಲ್ಕನೆಯ ಚೌಕದಲ್ಲಿ 'ಇಲ್ಲ' ಬರೆದೆ.

ಆಗ ಹೊಸ್ತಿಲಿನಿಂದ ನೀನು, ಹತ್ತನೆಯ ಕ್ಲಾಸಿನವಳು:
"ಹಾಗೆ ಕೇಳಿದರೆ ಇಲ್ಲವೇ ಅನ್ನುತ್ತಾರೆ, ಟೀಚರೇ.
ಸೇವಿಸುವುದೆಲ್ಲ ಪುಸ್ತಕದಲ್ಲಿ. ಇಲ್ಲಿ ಹಾಕುವುದು.
ಬಚ್ಚಿರೆಯ ಜೊತೆ ಪುಗೆರೆ ಉಂಟಾ, ಯಾವ ಕೆನ್ನೆಯಲ್ಲಿ ಇಡುವುದು,
ರಾತ್ರಿ ಉಗುಳಿ ಮಲಗುವುದಾ, ಇಟ್ಟೇ ಮಲಗುವುದಾ,
ಹಾಗೆ ಕೇಳಿ."

ಕೇಳಿದೆ.
ಅಜ್ಜಿ ಎಡಗೆನ್ನೆ ಮುಟ್ಟಿಕೊಂಡರು.
ಇಟ್ಟೇ ಮಲಗುವುದು. ನಲವತ್ತು ವರ್ಷ.
ಟಾರ್ಚಿನ ಬೆಳಕಿಗೆ ಬಾಯಿ ತೆರೆದರೆ
ಅಲ್ಲೊಂದು ಬಿಳಿ,
ಸುಣ್ಣ ಮೆತ್ತಿದ ಹಾಗೆ, ಒರೆಸಿದರೂ ಹೋಗದ ಬಿಳಿ.

ಆ 'ಇಲ್ಲ'ವನ್ನು ಹೊಡೆದುಹಾಕಿದೆ.
ಒಂದನ್ನು.
ಹಿಂದಿನ ಊರುಗಳಲ್ಲಿ ಬರೆದ ಇಲ್ಲಗಳು
ಆಗಲೇ ಕಂಪ್ಯೂಟರು ಸೇರಿ ಶೇಕಡಾವಾರು ಆಗಿದ್ದವು.

ನನ್ನದನ್ನೂ ಹೇಳುತ್ತೇನೆ.
ಬಂದ್ಯೋಡಿನಲ್ಲಿ ನನ್ನಮ್ಮ ಬೀಡಿ ಕಟ್ಟುತ್ತಿದ್ದಳು.
ಇಪ್ಪತ್ತೈದರ ಕಟ್ಟು ಎಣಿಸುತ್ತಲೇ ನಾನು ಲೆಕ್ಕ ಕಲಿತದ್ದು,
ಮಗ್ಗಿಯ ನಡುವೆ ಹೊಗೆಸೊಪ್ಪಿನ ಧೂಳಿಗೆ ಸೀನುತ್ತ.
ದಂತ ಕಾಲೇಜಿನ ಮೆಸ್ಸಿನಲ್ಲಿ ಒಬ್ಬಳು ಸಾರು ಬಡಿಸಿಕೊಳ್ಳುತ್ತ ಕೇಳಿದಳು,
"ನಿನ್ನ ರ‍್ಯಾಂಕ್ ಎಷ್ಟು, ನಿಜವಾದದ್ದು?"
ನಾನು ಉಪ್ಪು ಕೇಳಿದೆ.
ಇವತ್ತಿಗೂ ಒಳ್ಳೆಯ ಉತ್ತರ ಹೊಳೆದಿಲ್ಲ.

ಸುಳ್ಳು ಹೇಳಿ ಕರೆಯಲಾರೆ ನಿನ್ನನ್ನು.
ಪೇಟೆಯಲ್ಲಿ ಕ್ಲಿನಿಕ್ ಇಟ್ಟವರಿಗೆ ಕಾರುಂಟು. ಇಲ್ಲಿ
ಸ್ಟೈಪೆಂಡ್ ಮೂರು ತಿಂಗಳು ತಡ, ಕುತ್ತಿಗೆ ನೋವು ಸರಿಯಾದ ಹೊತ್ತಿಗೆ.
ಆದರೆ ನೇರಳೆ ಬಣ್ಣ ಹೀರಿದ ಕೆನ್ನೆಯ ಒಂದು ಚೂರು
ಗಾಜಿನ ಮೇಲೆ ಹರಡಿಕೊಂಡಾಗ
ಸಾಲು ಸಾಲು ಕೋಶ, ಥೇಟು ಅಜ್ಜಿಯ ಹೆಣಿಗೆ.
ಎಲ್ಲಿ ಎಳೆ ತಪ್ಪಿದೆಯೆಂದು
ಬುಟ್ಟಿ ಹೆಣೆವ ಮನೆಯ ಕಣ್ಣು ಬೇಗ ಹಿಡಿದೀತು.
ಇದು ವಿಜ್ಞಾನವಲ್ಲ, ನನ್ನ ಊಹೆ.
ತಪ್ಪಿದ್ದರೆ ನೀನೇ ಬಂದು ತೋರಿಸು.

ಅಜ್ಜಿಯ ವರದಿ ಬಂತು. ಇನ್ನೂ ಅದಾಗಿಲ್ಲ.
'ಇನ್ನೂ' ಎಂಬುದನ್ನು ದೊಡ್ಡದಾಗಿ ಓದಿ ಹೇಳು.
ಬೈದಾರು. ಬೈಯಲಿ.

ಹೊಸ ಫಾರಮು ಅಚ್ಚಾಗಿದೆ.
ಹದಿನಾಲ್ಕನೆಯ ಪ್ರಶ್ನೆ ಈಗ ನಾಲ್ಕು ಸಾಲು, ನಿನ್ನ ಮಾತಿನಲ್ಲೇ.
ಕೆಳಗೆ ನಿನ್ನ ಹೆಸರು.
"ಇವರು ಯಾವ ಕಾಲೇಜು?" ಕೇಳಿದರು ಗೈಡು.
"ಬದಿಯಡ್ಕ. ಹತ್ತನೆಯ ಕ್ಲಾಸು."
ಕನ್ನಡಕ ತೆಗೆದು ಒರೆಸಿಕೊಂಡರು.
ಪ್ರೆಸ್ಸಿನವರು ಬರೀ 'ಸ್ಮಿತಾ' ಎಂದು ತಿದ್ದಿದ್ದರು,
ನಾನು ಬಿಡಲಿಲ್ಲ.

ಪ್ಲಸ್ ಟೂಗೆ ಬಯಾಲಜಿ ತೆಗೆದುಕೋ.
ಫೀಸಿನ ಕಾಗದಪತ್ರ ನನಗೆ ಬಿಡು.
ಶನಿವಾರ ಬಸ್ಸು ಹಿಡಿದು ಬಾ, ಎರಡನೆಯ ಸ್ಟೂಲು ಖಾಲಿ ಉಂಟು.
ಮೊದಲ ದಿನ ನಮ್ಮದೇ ಕೆನ್ನೆ ಸವರಿ
ಗಾಜಿಗೆ ಹಚ್ಚಿ ನೋಡುವುದು ಇಲ್ಲಿಯ ವಾಡಿಕೆ.
ಅದಕ್ಕೆ ಬಾಯಿ ತೆರೆಯಬೇಕು.
ಕೈ ತೆಗೆಯಬೇಕು.