ಸೋಡಾ ನೀರು

ಇಬ್ರಾಹಿಂ ಸಾಹೇಬ್ ಬೀದಿಯ ಸ್ಟುಡಿಯೋದಲ್ಲಿ
ನನ್ನದು ಟಚಿಂಗ್ ಕೆಲಸ.
ಮೊನೆ ಮಾಡಿದ ಪೆನ್ಸಿಲು, ನೆಗೆಟಿವಿನ ಮೇಲೆ ಚುಕ್ಕಿ ಚುಕ್ಕಿ;
ಅಲ್ಲಿ ಕಪ್ಪು ಹಚ್ಚಿದರೆ ಇಲ್ಲಿ ಬಿಳುಪು.
ಹೆಣ್ಣಿನ ಕಡೆಯವರು ಬಂದರೆ ಒಂದೇ ಮಾತು,
"ಸ್ವಲ್ಪ ಬೆಳ್ಳಗೆ ಮಾಡಪ್ಪಾ."
ಮೂವತ್ತು ವರ್ಷ ಅದರಲ್ಲೇ ಉಂಡೆ.

ಒಂದು ಸಲ ಗಾಜಿನ ಪ್ಲೇಟು ಬಂದವು, ಎರಡು ಪೆಟ್ಟಿಗೆ,
ರಿಚರ್ಡ್ಸ್ ಟೌನಿನ ಬಂಗಲೆ ಕೆಡವಿದಾಗ, ತೂಕಕ್ಕೆ.
ಸತ್ತಾರ್ ಸಾಹೇಬರು ಅಂದರು: ತೊಳಿ.
ಹಳೇ ಗಾಜು, ಗುಳ್ಳೆಯಿಲ್ಲ, ಫ್ರೇಮಿಗಾಗ್ತದೆ.

ಬೆಳಕಿಗೆ ಹಿಡಿದೆ.
ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ ಜನ,
ಬರಗಾಲದವರಿರಬೇಕು, ಎಣಿಸಬಹುದಾದ ಪಕ್ಕೆಲುಬು,
ಮೈಗಿಂತ ತಲೆಯೇ ದೊಡ್ಡದಾದ ಒಂದು ಮಗು.
ಪಕ್ಕದಲ್ಲಿ ಅಳತೆಕೋಲು.
ಕೋಲು ಹಿಡಿದ ಕೈ ಚೌಕಟ್ಟಿನೊಳಗೆ,
ಕೈಯ ಮನುಷ್ಯ ಹೊರಗೆ.
ಮೂಲೆಯಲ್ಲಿ ಹೆಸರಿಲ್ಲ, ಗೀಚಿದ ಅಂಕಿ:
ಹದಿನಾಲ್ಕು, ಹದಿನೈದು, ಹದಿನೇಳು.
ಹದಿನಾರನೆಯವನು
ಕೋಲಿನ ತನಕ ನಡೆದು ಬರಲಿಲ್ಲವೋ ಏನೋ.
ಅಲ್ಲಾಡಿದ್ದರೆ ಮಸುಕಾಗುತ್ತಿತ್ತು. ಯಾರೂ ಅಲ್ಲಾಡಿಲ್ಲ.
ಗಂಜಿ ಫೋಟೋ ಆದ ಮೇಲೆ ಅಂದಿದ್ದರೇನೋ.

ಮರುಗಿದೆ ಅಂತ ಬರೆದರೆ ಸುಳ್ಳು.
ಬಕೆಟ್ಟಿನಲ್ಲಿ ಬಿಸಿನೀರು, ವಾಷಿಂಗ್ ಸೋಡಾ.
ಮೊದಲು ಅಂಚು ಏಳುತ್ತದೆ, ಹಾಲಿನ ಕೆನೆಯ ಹಾಗೆ,
ಆಮೇಲೆ ಹೊಟ್ಟೆ, ಆಮೇಲೆ ಮುಖ.
ಬೆರಳಿಗೆ ಅಂಟಿದ್ದನ್ನು ಲುಂಗಿಗೆ ಒರೆಸಿಕೊಂಡೆ.
ಮೋರಿ ಬೂದಿಬಣ್ಣಕ್ಕೆ ತಿರುಗಿತು.
ಅವಿನ್ಯೂ ರೋಡಿನ ಪಟದಂಗಡಿಗೆ ಡಜನ್ನಿನ ಲೆಕ್ಕ;
ಈ ಊರಿನ ಎಷ್ಟು ಮನೆಯ ಲಕ್ಷ್ಮಿ
ಆ ಗಾಜಿನ ಹಿಂದಿದ್ದಾಳೋ.

ಮೊನ್ನೆ ಮೊಮ್ಮಗ ಲೋಹಿತ ಫೋನು ತಂದ:
ತಾತ, ನೋಡು, ನಮ್ಮ ಕಮ್ಮನಹಳ್ಳಿ.
ಆಫ್ರಿಕಾದ ಹುಡುಗ, ಕೊರಳಲ್ಲಿ ಕಾಲೇಜಿನ ಕಾರ್ಡು,
ಒಂದು ಕಾಲಿಗೆ ಚಪ್ಪಲಿಯಿಲ್ಲ.
ಬೈಗುಳ ನನ್ನ ಭಾಷೆಯದೇ.
ಅವನಿಗೆ ಅರ್ಥವಾಗದಿರಲಿ ಅಂದುಕೊಂಡೆ;
ಆಗಿತ್ತು.
ಹೊಡೆಯುವವರು ನಾಲ್ಕು ಜನ. ಫೋನು ಎತ್ತಿದವರು
ಹತ್ತೊಂಬತ್ತು. ಎಣಿಸಿದೆ, ಟಚಿಂಗಿನ ಕಣ್ಣು.
"ಮುಖ ಕಾಣ್ತಿಲ್ಲ, ಈ ಕಡೆ ತಿರುಗ್ಸೋ" ಅನ್ನುತ್ತದೆ ಒಂದು ದನಿ,
ತೀರಾ ಹತ್ತಿರದ್ದು.
ಮೂರು ನಿಮಿಷ. ಎಲ್ಲೂ ಮಸುಕಿಲ್ಲ.

ತೆಗೆದವರು ಯಾರೋ, ಅಂದೆ.
ಲೋಹಿತ ಫೋನು ಜೇಬಿಗಿಟ್ಟ.

ಸಂಜೆ ದೀಪ ಹಚ್ಚುವಾಗ
ನಮ್ಮನೆಯ ಪಟದ ಕೆಳಮೂಲೆ ಕಣ್ಣಿಗೆ ಬಿತ್ತು,
ನಾನೇ ಅರೆಬರೆ ತೊಳೆದ ಗಾಜು:
ಕೋಲಿನ ತುದಿ, ಎರಡು ಗೆರೆ,
ಅದನ್ನು ಹಿಡಿದ ಬೆರಳು ನಾಲ್ಕು.
ಉಗುರಿನಲ್ಲಿ ಕೆರೆದು ನೋಡಿದೆ.
ಬರುವುದಿಲ್ಲ. ಒಳಮೈಗಿದೆ.