ಹತ್ತು ಸುತ್ತು

ಎಂಟು ಟೈರು. ಒಂದೊಂದಕ್ಕೆ ಆರು ಸಾವಿರದ ಇನ್ನೂರು ಡಾಲರ್.
ಗಾರ್ತ್ ಫ್ರೀಸೆನ್ ಚೀಟಿ ಬರೆದು, ಒಟ್ಟು ಮೊತ್ತದ ಮೇಲೆ
ಹೆಬ್ಬೆರಳು ಇಟ್ಟುಕೊಂಡೇ ನನ್ನ ಕಡೆ ಸರಿಸಿದ.
ಒಳ್ಳೆಯ ಮನುಷ್ಯ. ಒಮ್ಮೆಲೇ ತೋರಿಸಲು ಸಂಕೋಚ.

ಮುತ್ತಜ್ಜ ಉಕ್ರೇನಿನಿಂದ ಈ ಕನೋರಾ ಬಯಲಿಗೆ ಬಂದಾಗ
ಹತ್ತು ಡಾಲರ್ ಕಟ್ಟಿ ನೂರರವತ್ತು ಎಕರೆ ಬರೆಸಿಕೊಂಡನಂತೆ.
ಆ ಲೆಕ್ಕದಲ್ಲಿ ನಾನೀಗ ಕೊಳ್ಳುತ್ತಿರುವುದು ಒಂದು ಜಿಲ್ಲೆ,
ಕಪ್ಪನೆಯ, ದುಂಡನೆಯ, ರಬ್ಬರಿನ ಜಿಲ್ಲೆ.

‘ಹಳೆಯವಕ್ಕೆ ಏನಾಗಿತ್ತು?’ ಅಂದ ತಮ್ಮ ಬೊಹ್ದಾನ್.
ಏನಾಗಿತ್ತು! ಕನೋಲಾ ಕೊಯ್ದ ಕೂಳೆ ಅಂದರೆ ಈಟಿಗಳ ದಂಡು,
ಹತ್ತು ವಸಂತ ಅದರ ಮೇಲೇ ತುಳಿದವು ಪಾಪ.
ಪಕ್ಕೆಯ ತುಂಬ ಬಿರುಕು. ನನ್ನ ಹಿಮ್ಮಡಿಗಿಂತ ವಾಸಿ, ಅಷ್ಟೇ.

ಬೊಹ್ದಾನನದು ಒಂದೇ ಮಂತ್ರ: ತೂಕ ಹಾಕು.
ಗಾಲಿ ಜಾರಿತೇ? ತೂಕ ಹಾಕು.
ಏರಿನಲ್ಲಿ ಕುಪ್ಪಳಿಸಿತೇ? ತೂಕ ಹಾಕು.
ಅಪ್ಪನೂ ಹಾಗೇ: ಬೀಡುಕಬ್ಬಿಣದ ಬಿಲ್ಲೆ, ಬಿಲ್ಲೆಯ ಮೇಲೆ ಬಿಲ್ಲೆ,
ಸಾಲದ್ದಕ್ಕೆ ಟೈರಿನ ಹೊಟ್ಟೆಗೆ ಕ್ಯಾಲ್ಸಿಯಂ ಉಪ್ಪುನೀರು,
ಮೈನಸ್ ನಲವತ್ತರಲ್ಲೂ ಹೆಪ್ಪುಗಟ್ಟದಂಥದು.
ಒಂದು ಸಲ ಕವಾಟ ಕಿತ್ತು ಸೋರಿಹೋಯಿತು, ಶೆಡ್ಡಿನ ಹಿಂದೆ.
ಆ ಜಾಗ ಇನ್ನೂ ಇದೆ, ಒಂದು ಕೋಣೆಯಷ್ಟಗಲ, ಬೋಳು.
ಇಪ್ಪತ್ತೆರಡು ವರ್ಷ. ಕಳೆ ಕೂಡ ಅಲ್ಲಿ ಕಾಲಿಟ್ಟಿಲ್ಲ.

ಹೊಸ ಟೈರು ಹಾಕಿದ ಮರುದಿನ
ಹೊರಗಾಲಿಯ ಮೇಲೆ ಸೀಮೆಸುಣ್ಣದ ಗೀಟೆಳೆದೆ.
ಎಪ್ಪತ್ತು ಅಡಿಯ ಕೂರಿಗೆ ನೆಲಕ್ಕಿಳಿಸಿ ಹೊರಟೆ ನಿಧಾನ;
ಬೊಹ್ದಾನನ ಮಗಳು ಕ್ವಿತ್ಕಾ, ಹನ್ನೊಂದರ ಹುಡುಗಿ,
ದೂರದಲ್ಲಿ ಜೊತೆಜೊತೆಗೇ ನಡೆಯುತ್ತ ಸುತ್ತು ಎಣಿಸಿದಳು
ಶನಿವಾರದ ಶಾಲೆಯಲ್ಲಿ ಕಲಿತ ಅಜ್ಜಿಯ ಭಾಷೆಯಲ್ಲಿ:
ಓದಿನ್, ದ್ವಾ, ತ್ರಿ... ಎಂಜಿನ್ನಿಗಿಂತ ಜೋರಾಗಿ: ದೆಸ್ಯಾತ್!
ಕೋಲು ನೆಟ್ಟಳು. ಕೂರಿಗೆ ಎತ್ತಿ ಮತ್ತೆ ಅಷ್ಟೇ ದೂರ.
ಬರಿಗೈಯಲ್ಲಿ ನಡೆದಾಗ ಒಂಬತ್ತು ಮುಕ್ಕಾಲು.

ಅಂದರೆ ನೂರಕ್ಕೆ ಎರಡೂವರೆ ಜಾರಿದೆ. ಹತ್ತರ ಆಸುಪಾಸು ಜಾರಬೇಕು.
ಇಷ್ಟು ವರ್ಷ ಡೀಸೆಲ್ ಸುಟ್ಟು ನಾವು ಎಳೆದದ್ದು
ಅರ್ಧ ಬೀಜವನ್ನು, ಅರ್ಧ ನಮ್ಮದೇ ಕಬ್ಬಿಣವನ್ನು.

ಇಳಿದು ಜಾಡು ನೋಡಿದೆ. ಪ್ರತಿ ಹಲ್ಲೂ ಅಚ್ಚೊತ್ತಿದ ಹಾಗೆ,
ಈಸ್ಟರ್ ರೊಟ್ಟಿಯ ಮೇಲಿನ ಹೆಣಿಗೆಯ ಹಾಗೆ. ಅಪ್ಪನಿಗೆ ಅದು ಹೆಮ್ಮೆ,
ನೆಂಟರನ್ನು ಕರೆತಂದು ತೋರಿಸುತ್ತಿದ್ದ.
ಗಾರ್ತ್ ಹೇಳುವುದು ಬೇರೆ: ಅಚ್ಚು ಅಷ್ಟು ಅಂದವಾಗಿದ್ದರೆ
ಅಡಿಯಲ್ಲಿ ಎರೆಹುಳುವಿನ ಉಸಿರು ಕಟ್ಟಿದೆ ಎಂದರ್ಥ.
ನಡುವೆ ಒಂಚೂರು ಕಲಸಿಹೋಗಿರಬೇಕು ಜಾಡು,
ನೆಲ ಇಲ್ಲವೆಂದಿತು, ಗಾಲಿ ಕೇಳಿಸಿಕೊಂಡಿತು ಎಂಬಂತೆ.

ಟೈರು ನೆಲ ಕಚ್ಚಲೆಂದು ಇಷ್ಟೆಲ್ಲ.
ಈ ವರ್ಷ ಚೆನ್ನಾಗಿ ನೆಲ ಕಚ್ಚಿದ್ದು ಕನೋಲಾದ ಬೆಲೆ.

ಬೋಲ್ಟಿಗೆ ನಾನು ಪಾನಾ ಹಾಕಿದಾಗ ಬೊಹ್ದಾನ್ ಬಾಗಿಲಲ್ಲಿ ನಿಂತಿದ್ದ.
‘ಅಪ್ಪ ಹಾಕಿದ್ದು ಅದು’ ಅಂದ.
‘ಹೌದು’ ಅಂದೆ.
ಎರಡನೆಯ ಬೋಲ್ಟು ತುಕ್ಕು ಹಿಡಿದು ಹಟ ಮಾಡಿತು. ಬೈದೆ.
ಮೂರನೆಯದಕ್ಕೆ ಅವನೇ ಬಂದ, ಮಾತಿಲ್ಲದೆ, ಉದ್ದನೆಯ ಪೈಪು ತಂದು.
ಆರು ಬಿಲ್ಲೆ, ಸರಪಳಿಯಲ್ಲಿ ತೂಗಿ ಒಂದೊಂದೇ ಇಳಿಸಿದೆವು.
ಎಲ್ಲಿಡುವುದು? ಶೆಡ್ಡಿನ ಹಿಂದೆ,
ಆ ಬೋಳು ನೆಲದ ಮೇಲೆ ಪೇರಿಸಿದೆವು.
ಭಾರಕ್ಕೆ ನೋಯುವಂಥದ್ದು ಅಲ್ಲಿ ಏನೂ ಉಳಿದಿಲ್ಲ.

ಸಂಜೆ ಮತ್ತೆ ಸೀಮೆಸುಣ್ಣ, ಮತ್ತೆ ಕೋಲು.
ಏರಿನಲ್ಲಿ ಗಾಲಿ ಒಮ್ಮೆ ತಡವರಿಸಿತು,
ಪಕ್ಕದ ಸೀಟಿನಿಂದ ಬೊಹ್ದಾನ್ ನನ್ನ ಮುಖ ನೋಡಿದ.
ನಾನು ಮುಂದೆ ನೋಡಿದೆ.

‘ಅತ್ತೆ, ಒಂಬತ್ತು’ ಕೂಗಿದಳು ಕ್ವಿತ್ಕಾ, ‘ಮತ್ತೆ ಸ್ವಲ್ಪ!’
‘ಸ್ವಲ್ಪ ಅಂದರೆ ಎಷ್ಟೇ?’
ಅವಳು ಬಗ್ಗಿ ಅಳೆದಳು.
‘ನನ್ನ ಬೂಟಿನಷ್ಟು.’